ಆರನೇ ಬಾಟಲಿ

ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅಮ್ಮಣ್ಣಿಯಮ್ಮನವರಿಗೆ — ನಮ್ಮನ್ನು ಬಿಟ್ಟುಹೋದ ಡಾಕ್ಟರ್ ರಮಾಮಣಿಯವರ ಅಕ್ಕನಿಗೆ — ಇಲ್ಲಿಂದಲೇ ಕಾಲು ಮುಟ್ಟಿ ನಮಸ್ಕಾರ. ವೇದಿಕೆಯ ಮೇಲಿರುವ ಹಿರಿಯರಿಗೆ, ಪ್ರಯೋಗಾಲಯದವರಿಗೆ, ಹಿಂದಿನ ಬೆಂಚುಗಳಲ್ಲಿರುವ ನಮ್ಮ ಕುರ್ಲಾ ಚಾಳಿನವರಿಗೆ, ಇವತ್ತಿನ ಕೂಲಿ ಬಿಟ್ಟು ಗೋರೆಗಾಂವಿನಿಂದ ಬಂದಿರುವ ಮಲ್ಲಕ್ಕನಿಗೆ — ಎಲ್ಲರಿಗೂ.

ನಾನು ಸೇವಂತಿ. ಹೊಟೇಲಿನಲ್ಲಿ ದೋಸೆ ಹಾಕುವ ಕೊರಗಪ್ಪನ ಮಗಳು. ಆರು ವರ್ಷ ಡಾಕ್ಟರ ಕೈಕೆಳಗೆ ಮಳೆನೀರು ಹಿಡಿಯುವ ಕೆಲಸ ಮಾಡಿದ್ದೇನೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆಮೇಲೆ ಬಾಯಿ ಬರದೆ ಹೋದರೆ ಕಷ್ಟ.

ಈಗಷ್ಟೇ ನಂಜುಂಡಯ್ಯ ಸರ್ ಮಾತಾಡಿದರು. ಪ್ರಯೋಗಾಲಯದಲ್ಲಿ ಡಾಕ್ಟರ ಜೊತೆ ಇಪ್ಪತ್ತು ವರ್ಷ ಇದ್ದವರು, ಪ್ರೀತಿಯಿಂದಲೇ ಮಾತಾಡಿದರು. "ಎಂಬತ್ತೊಂಬತ್ತರಲ್ಲಿ ಒಂದು ಬಾಟಲಿಯ ವಿಷಯದಲ್ಲಿ ಎಡವಿದರು, ಅವರೂ ಮನುಷ್ಯರಲ್ಲವೇ" ಅಂದರು. ಹಿಂದೆ ಕೆಲವರು ತಲೆ ಆಡಿಸಿದಿರಿ. ಆ ಬಾಟಲಿಯ ಕಥೆ ಇಲ್ಲಿ ಅರ್ಧ ಜನಕ್ಕೆ ಗೊತ್ತು. ಆ ಒಂದು ಬಾಟಲಿಯಿಂದ ಬಿಲ್ಡಿಂಗ್ ಮಣ್ಣಿನ ಕಾನೂನು ಒಂದು ವರ್ಷ ಹಿಂದೆ ಬಿತ್ತು. ಆ ಒಂದು ಬಾಟಲಿಯಿಂದ ರಾಜ್ಯದ ಸಮಿತಿಯ ಪಟ್ಟಿಯಲ್ಲಿ ಡಾಕ್ಟರ ಹೆಸರು ಬಿಟ್ಟುಹೋಯಿತು.

ಎಡವಿದ್ದು ಡಾಕ್ಟರಲ್ಲ. — ಆ ಬಾಟಲಿ ನನ್ನದು. ಅದರ ಮೇಲೆ ಸುಳ್ಳು ಬರೆದವಳು ನಾನು. ಮೂರು ವರ್ಷ ಯಾರಿಗೂ ಹೇಳಲಿಲ್ಲ. ಅಪ್ಪ, ನಿನಗೂ ಹೇಳಲಿಲ್ಲ. ಅಲ್ಲೇ ಕೂತಿರು, ಎದ್ದು ಬರಬೇಡ. ಪೂರ್ತಿ ಹೇಳುತ್ತೇನೆ.

ನಾನು ಒಂಬತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು. ಬಡತನದಿಂದ ಬಿಟ್ಟಳು ಅಂತ ಚಾಳಿನಲ್ಲಿ ಹೇಳುತ್ತಾರೆ. ಅದು ಸುಳ್ಳು. ಅಪ್ಪ ಓದಿಸುತ್ತಿದ್ದ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಮಾಸ್ತರರು ಬೋರ್ಡಿನ ಕಡೆ ತಿರುಗಿದರೆ ನಾನು ಬಾಗಿಲ ಕಡೆ ತಿರುಗುತ್ತಿದ್ದೆ. ಪುಸ್ತಕ ಬಿಟ್ಟು ಎರಡು ವರ್ಷ ಏನೂ ಮಾಡಲಿಲ್ಲ. ಕೊಳಚೆ ಹರಿಯುವ ನಾಲಾದ ಪಕ್ಕ ನಮ್ಮ ಒಂದೇ ಕೋಣೆಯ ಖೋಲಿ, ಖೋಲಿಯ ಹಿಂದೆ ರೈಲು. ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಯಾವ ಲೋಕಲ್ ಹೋಯಿತು ಅಂತ ಸದ್ದಿನಲ್ಲೇ ಹೇಳುತ್ತಿದ್ದೆ.

ಎಂಬತ್ತಾರರ ಜುಲೈ. ನಾಲಾ ಉಕ್ಕಿ ಚಾಳಿನೊಳಗೆ ನೀರು ಬಂದು ಹೋಗಿತ್ತು. ಮಾರನೇ ದಿನ ಎಲ್ಲರೂ ಕೆಸರು ಎತ್ತುತ್ತಿದ್ದೇವೆ. ಒಬ್ಬ ಹೆಂಗಸು ಬಂದರು. ಕಾಟನ್ ಸೀರೆ, ಕಾಲಿಗೆ ಗಂಡಸರ ಗಮ್‌ಬೂಟು. ನಮ್ಮ ಗೋಡೆಗೆ ಅಂಟಿದ ಕೆಸರನ್ನು ಚಮಚದಲ್ಲಿ ಕೆರೆದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದಾರೆ. ನನಗೆ ಸಿಟ್ಟು ಬಂತು.

"ಏನು ಬಾಯಿ, ನಮ್ಮ ಕೆಸರೂ ಬೇಕಾ ನಿಮಗೆ? ಪೂರಾ ತಗೊಂಡು ಹೋಗಿ, ಫ್ರೀ!" ಅಂದೆ.

ಅವರು ನಗಲಿಲ್ಲ. "ನೀರು ಎಷ್ಟು ಹೊತ್ತಿಗೆ ಬಂತಮ್ಮಾ?" ಅಂತ ಕೇಳಿದರು.

"ಏಳು ಇಪ್ಪತ್ತಕ್ಕೆ ಮೆಟ್ಟಿಲಿಗೆ. ಏಳು ನಲವತ್ತಕ್ಕೆ ಹೊಸ್ತಿಲು ದಾಟಿತು."

"ನಿನಗೆ ಹೇಗೆ ಗೊತ್ತು?"

"ಠಾಣೆಯ ಸ್ಲೋ ಲೋಕಲ್ ಹೋದಾಗ ಮೆಟ್ಟಿಲಲ್ಲಿತ್ತು. ಅದರ ಹಿಂದಿನ ಕಲ್ಯಾಣ್ ಗಾಡಿ ಹೋಗುವಾಗ ಒಳಗೆ ಬಂತು. ಆಮೇಲೆ ಗಾಡಿಯೇ ನಿಂತಿತು. ಆಮೇಲಿನದು ಗೊತ್ತಿಲ್ಲ."

ಅವರು ಕೆರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಈ ಸಾಲಿನಲ್ಲಿ ಹನ್ನೊಂದು ಮನೆ ಕೇಳಿದೆ. ಹನ್ನೊಂದು ಮನೆಯವರೂ 'ಸಾಯಂಕಾಲ' ಅಂದರು. ನೀನೊಬ್ಬಳು ನಿಮಿಷ ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೂ ಹೇಳಿದೆ. ನನ್ನ ಹತ್ತಿರ ಕೆಲಸ ಮಾಡ್ತೀಯಾ?"

ನಿಮಿಷ ಹೇಳಿದ್ದಕ್ಕೆ ನನಗೆ ಕೆಲಸ ಸಿಕ್ಕಿತು. ಇದನ್ನು ನೆನಪಿಟ್ಟುಕೊಳ್ಳಿ.

ಚಾಳಿನವರಿಗೆ ಡಾಕ್ಟರ್ ಅಂದರೆ ಡಾಕ್ಟರೇ. ಮೊದಲ ವಾರ ಎಲ್ಲರೂ ನಾಲಿಗೆ ಚಾಚಿ ತೋರಿಸಿದರು. "ನಾನು ಜ್ವರದ ಡಾಕ್ಟರಲ್ಲ, ಕೆಸರಿನ ಡಾಕ್ಟರ್" ಅಂತ ಇವರು ಹೇಳಿ ಹೇಳಿ ಸೋತರು. ಕೊನೆಗೆ 'ಕೀಚಡ್‌ವಾಲಿ ಡಾಕ್ಟರ್' ಅಂತ ಹೆಸರಾಯಿತು. ಅವರಿಗೆ ಅದು ಇಷ್ಟವಿತ್ತು. ಇಲ್ಲಿ ಹಾರ ಹಾಕಿದ ಫೋಟೋದ ಕೆಳಗೆ ಬರೆದಿರುವ ಉದ್ದನೆಯ ಪದವಿಗಳಿಗಿಂತ ಇಷ್ಟವಿತ್ತು.

ಅವರು ಮೃದು ಸ್ವಭಾವದವರು ಅಂತ ಇಲ್ಲಿ ಇಬ್ಬರು ಹೇಳಿದರು. — ಕ್ಷಮಿಸಿ, ಅಲ್ಲ. ಬಹಳ ಕೋಪದವರು. ಬಿಸ್ಕತ್ತು ಎಣಿಸಿ ಕೊಡುತ್ತಿದ್ದರು, ತಲೆಗೆ ಎರಡು. ಆರು ವರ್ಷದಲ್ಲಿ ನನಗೆ 'ಭೇಷ್' ಅಂದದ್ದು ಒಂದೇ ಸಲ, ಅದೂ ನಾನು ಚರಂಡಿಗೆ ಬಿದ್ದೂ ಬಾಟಲಿ ಒಡೆಯದೆ ಎತ್ತಿ ಹಿಡಿದಿದ್ದಾಗ. ಅಮ್ಮಣ್ಣಿಯಮ್ಮ ನಗುತ್ತಿದ್ದಾರೆ ನೋಡಿ, ಅವರಿಗೆ ಗೊತ್ತು.

ಈ ಕೆಲಸ ಅವರಿಗೆ ಯಾರೂ ಕೊಟ್ಟದ್ದಲ್ಲ. ಅವರು ಕಾರ್ಖಾನೆಗಳ ಕೊಳಕು ನೀರು ಪರೀಕ್ಷೆ ಮಾಡುತ್ತಿದ್ದವರು. ಎಂಬತ್ತೆರಡರಲ್ಲಿ ಒಂದು ಮಳೆಗೆ ಅವರ ಲೋಕಲ್ ವಿಕ್ರೋಳಿಯಲ್ಲಿ ನಿಂತುಬಿಟ್ಟಿತು. ಮೂರು ಗಂಟೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು. ಹಳಿಯ ಮೇಲೆ ಚಹಾದ ಬಣ್ಣದ ನೀರು. ಎಲ್ಲರೂ ಮಳೆಯನ್ನು ಬೈಯುತ್ತಿದ್ದಾರೆ. ಇವರು ಮಾತ್ರ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದರಂತೆ. ಇದು ಕಾರ್ಖಾನೆಯದಲ್ಲ. ಇದು ಮಣ್ಣು. — ಯಾರ ಮಣ್ಣು?

ಎಷ್ಟು ಲಕ್ಷ ಜನ ಆ ನೀರಿನಲ್ಲಿ ನಿಂತಿದ್ದರು ಯೋಚಿಸಿ. ಯಾರ ಮಣ್ಣು ಅಂತ ಕೇಳಿದವರು ಇವರೊಬ್ಬರು. ಕೇಳಿ ಸುಮ್ಮನಾಗಲಿಲ್ಲ. ಸ್ಟೇಷನ್ ಇಳಿದು, ಸೀರೆ ಮೇಲಕ್ಕೆ ಕಟ್ಟಿ, ನೀರು ಬರುವ ಕಡೆಗೆ ಎದುರಾಗಿ ನಡೆದರು. ಒಂದೂವರೆ ಮೈಲಿ. ಕೊನೆಗೆ ಸಿಕ್ಕಿದ್ದು ಒಂದು ಬಿಲ್ಡಿಂಗ್ ಪಾಯ. ಅಗೆದ ಮಣ್ಣನ್ನು ರಸ್ತೆಗೆ ತಾಗಿಸಿ ಗುಡ್ಡದ ಹಾಗೆ ಒಟ್ಟಿದ್ದರು. ಅದು ಕರಗಿ ಕರಗಿ ಊರಿಗೆ ಇಳಿಯುತ್ತಿತ್ತು.

ಕಚೇರಿಗೆ ಹೋಗಿ ಕೇಳಿದರು: ಕಾರ್ಖಾನೆಯ ಕೊಳಕಿಗೆ ಕಾನೂನು ಇದೆ, ಬಿಲ್ಡಿಂಗಿನ ಮಣ್ಣಿಗೆ ಯಾಕಿಲ್ಲ? ಅಲ್ಲಿದ್ದ ಸಾಹೇಬರು ಅಂದರಂತೆ, "ಬಾಯಿ, ಮಳೆ ದೇವರದು, ಮಣ್ಣು ಭೂಮಿಯದು. ನಿಮ್ಮ ತಕರಾರು ಯಾರ ಮೇಲೆ?" ಆಮೇಲೆ ಅದೇ ಒಂದು ಜೋಕ್ ಆಯಿತು. ಡಾಕ್ಟರ್ ಕಾರಿಡಾರಿನಲ್ಲಿ ಬಂದರೆ ಸಾಕು, "ಬಂದರು, ಮಳೆಗೆ ಕಾನೂನು ಮಾಡುವವರು!" ಒಂಬತ್ತು ವರ್ಷ ಆ ಜೋಕ್ ಕೇಳಿದರು. ಒಂಬತ್ತು ವರ್ಷ. ನಾನಾಗಿದ್ದರೆ ಒಂಬತ್ತನೇ ದಿನ ಕುರ್ಚಿ ಎತ್ತಿ ಎಸೆಯುತ್ತಿದ್ದೆ.

ಅವರ ರೀತಿ ಹೀಗಿತ್ತು. ಮಳೆ ಶುರುವಾದ ಕೂಡಲೇ ಸೈಟಿನ ನೀರು ಹೊರಬರುವ ಬಾಯಿಯಲ್ಲಿ ನಿಲ್ಲಬೇಕು. ಅರ್ಧ ಗಂಟೆಗೆ ಒಂದು ಬಾಟಲಿ ತುಂಬಬೇಕು. ಬಾಟಲಿಯ ಮೇಲೆ ಗಂಟೆ ಬರೆಯಬೇಕು, ರಿಜಿಸ್ಟರಿನಲ್ಲೂ ಬರೆಯಬೇಕು. ನನಗೆ ಇಂಗ್ಲಿಷ್ ಬರುವುದಿಲ್ಲ ಅಂದೆ, ಕನ್ನಡದಲ್ಲೇ ಬರೆ ಅಂದರು. ಮೊದಲ ದಿನ ರಿಜಿಸ್ಟರ್ ಓದಿ ನನ್ನನ್ನು ಕರೆದರು.

"ಏನಮ್ಮಾ ಇದು? 'ಚರಂಡಿಯ ತಳದಲ್ಲಿ ಗಾಳ ಎರಡು ಅಡಿ.' ಎರಡು ಅಡಿ ಗಾಳಕ್ಕೆ ತಿಮಿಂಗಿಲ ಹಿಡಿಯೋದಾ?"

ನನಗೆ ಅರ್ಥವಾಗಲಿಲ್ಲ. ನಾಲಾದಲ್ಲಿ ಕೂತ ಮಣ್ಣಿಗೆ ಕುರ್ಲಾದಲ್ಲಿ ಎಲ್ಲರೂ ಮರಾಠಿಯಲ್ಲಿ ಗಾಳ ಅನ್ನುತ್ತಾರೆ. ಮುನಿಸಿಪಾಲಿಟಿಯವರು ಗಾಳ ತೆಗೆಯಲು ಬಂದರು ಅಂತೇವೆ. ಮೀನು ಹಿಡಿಯುವ ಗಾಳವೂ ಗಾಳವೇ. ಒಂದೇ ತಲೆಯಲ್ಲಿ ಎರಡು ಗಾಳ ಇವೆ ಅಂತ ಅಂದಿನವರೆಗೆ ನನಗೆ ಗೊತ್ತೇ ಇರಲಿಲ್ಲ! ಡಾಕ್ಟರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನಮ್ಮ ಮೈಸೂರಿನಲ್ಲಿ ಇದಕ್ಕೆ ಹೂಳು ಅಂತೀವಿ" ಅಂದರು. ಆದರೆ ತಿದ್ದಲಿಲ್ಲ. "ನೀನು ಕಂಡದ್ದು ಗಾಳ. ಗಾಳ ಅಂತಲೇ ಇರಲಿ. ಕಂಡದ್ದನ್ನು ಕಂಡ ಹಾಗೆ ಬರೆ, ಅಷ್ಟು ಸಾಕು."

ಕಂಡದ್ದನ್ನು ಕಂಡ ಹಾಗೆ. — ಈಗ ಎಂಬತ್ತೊಂಬತ್ತಕ್ಕೆ ಬರುತ್ತೇನೆ.

ಗೋರೆಗಾಂವಿನಲ್ಲಿ ಒಂದು ಗುಡ್ಡ ಕಡಿದು ಏಳು ಬಿಲ್ಡಿಂಗ್ ಕಟ್ಟುತ್ತಿದ್ದರು. ಮಲ್ಲಕ್ಕ ಅಲ್ಲೇ ಮಣ್ಣು ಹೊರುತ್ತಿದ್ದಳು. ಗುಡ್ಡದ ಬುಡದಲ್ಲೇ ಅವಳ ಗುಡಿಸಲು. ಕಾನೂನು ಬೇಕೋ ಬೇಡವೋ ಅಂತ ನಿರ್ಧರಿಸಲು ಒಂದು ಸಮಿತಿ ಆಗಿತ್ತು. ಒಂದು ದೊಡ್ಡ ಮಳೆಯ ಪೂರ್ತಿ ಲೆಕ್ಕ ತನ್ನಿ ಅಂತ ಆ ಸಮಿತಿ ಡಾಕ್ಟರಿಗೆ ಹೇಳಿತ್ತು. ಜುಲೈಯಲ್ಲಿ ಆ ಮಳೆ ಬಂತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಒಂಬತ್ತು ಬಾಟಲಿ. ನಾನು ಒಬ್ಬಳೇ. ಡಾಕ್ಟರ್ ಕೆಳಗೆ ನಾಲಾದ ಬಳಿ ನಿಂತಿದ್ದರು.

ಸೈಟಿನ ಕಾವಲುಗಾರನ ಹತ್ತಿರ ಗಂಟೆ ಕೇಳಿ ಕೇಳಿ ಐದು ಬಾಟಲಿ ಸರಿಯಾಗಿ ತುಂಬಿದೆ. ಹನ್ನೆರಡರದು ತುಂಬಿ ಕೂತಿದ್ದೆ. ಆಚೆ ಕಡೆ ಸಿನಿಮಾ ಶೂಟಿಂಗ್ ಇದೆ ಅಂತ ಯಾರೋ ಓಡಿದರು. ನನ್ನ ಕಾಲು ಕೇಳಲಿಲ್ಲ. ಹೋಗಿ ಐದು ನಿಮಿಷದಲ್ಲಿ ಬರುತ್ತೇನೆ ಅಂದುಕೊಂಡೆ. ಯಾವ ನಟಿ ಅಂತ ಕೇಳಬೇಡಿ, ಮುಖ ಕಾಣಲಿಲ್ಲ. ಒಂದು ಕೆಂಪು ಛತ್ರಿ ಕಂಡಿತು. ಆ ಛತ್ರಿ ನೋಡುತ್ತಾ ನಿಂತೆ. ಓಡಿ ವಾಪಸ್ ಬಂದಾಗ ಒಂದು ಗಂಟೆ. ಹನ್ನೆರಡೂವರೆಯ ನೀರು ಹೋಗಿಬಿಟ್ಟಿತ್ತು.

ನಾನು ಒಂದು ಗಂಟೆಗೆ ಎರಡು ಬಾಟಲಿ ತುಂಬಿದೆ. ಒಂದರ ಮೇಲೆ ಒಂದು ಗಂಟೆ ಅಂತ ಬರೆದೆ. ಇನ್ನೊಂದರ ಮೇಲೆ, ಆರನೇ ಬಾಟಲಿಯ ಮೇಲೆ, ಹನ್ನೆರಡೂವರೆ ಅಂತ ಬರೆದೆ. ರಿಜಿಸ್ಟರಿನಲ್ಲೂ ಬರೆದೆ. ಅಕ್ಷರ ದುಂಡಗೇ ಬಂತು. ಅದೇ ಈಗ ನನಗೆ ನಾಚಿಕೆ.

ಸೆಪ್ಟೆಂಬರಿನಲ್ಲಿ ಸಮಿತಿ ಕೂತಿತು. ವರದಿ ಆಗಲೇ ಅವರ ಕೈ ಸೇರಿತ್ತು. ಬಾಟಲಿ ಹೊತ್ತುಕೊಂಡು ನಾನೂ ಹೋಗಿದ್ದೆ, ಗೋಡೆಗೆ ಒರಗಿ ನಿಂತಿದ್ದೆ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಬಿಲ್ಡರ್ ಕಡೆಯ ಇಂಜಿನಿಯರಿಗೂ ಕೇಳಲು ಏನೂ ಉಳಿದಿರಲಿಲ್ಲ. ಅಧ್ಯಕ್ಷರು "ಹಾಗಾದರೆ ಮುಗಿಸೋಣವೇ" ಅಂದರು. ಆಗ ಡಾಕ್ಟರ್ ಎದ್ದು ನಿಂತರು.

"ಒಂದು ತಿದ್ದುಪಡಿ ಇದೆ. ಆರನೇ ಬಾಟಲಿಯನ್ನು ನನ್ನ ವರದಿಯಿಂದ ತೆಗೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಅಂಕಿಗಳನ್ನು ಮತ್ತೆ ನೋಡಿದೆ. ಆರನೆಯದೂ ಏಳನೆಯದೂ ಒಂದೇ ಲೆಕ್ಕ ತೋರಿಸುತ್ತಿವೆ. ಅರ್ಧ ಗಂಟೆಯ ಅಂತರದಲ್ಲಿ ಒಂದೇ ಲೆಕ್ಕ ನಳದಲ್ಲಿ ಬರಬಹುದು, ನಾಲಾದಲ್ಲಿ ಬರುವುದಿಲ್ಲ. ಆ ಬಾಟಲಿಯನ್ನು ನಾನು ನಂಬುವುದಿಲ್ಲ."

ಯಾರೂ ಕೇಳಿರಲಿಲ್ಲ. ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಏಳು ವರ್ಷದ ಕೆಲಸ ಒಂದು ಸಹಿಯ ದೂರದಲ್ಲಿತ್ತು. ಆ ಸಹಿ ತಪ್ಪಲಿ, ಆದರೆ ಆ ಬಾಟಲಿ ಒಳಗೆ ಇರಬಾರದು — ಇಂಥ ಮನುಷ್ಯರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಇಂಜಿನಿಯರ್ ಹಾರಿಬಿದ್ದರು. "ಹಾಗಾದರೆ ಮಳೆ ಜೋರಿದ್ದ ಹೊತ್ತಿನ ಲೆಕ್ಕವೇ ಇಲ್ಲ! ತಪ್ಪು ಯಾರದು, ಡಾಕ್ಟರ್?"

ಡಾಕ್ಟರ್ ತಿರುಗಿ ಗೋಡೆಯ ಕಡೆ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ. "ವರದಿಯ ಮೇಲೆ ಇರುವುದು ನನ್ನ ಸಹಿ. ತಪ್ಪು ನನ್ನದು" ಅಂದರು.

ಗಾಳ ಹಾಕಿದವಳು ನಾನು. ಸಿಕ್ಕಿಬಿದ್ದದ್ದು ಅವರು.

ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಎದುರುಬದುರು ಕೂತಿದ್ದೆವು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ ನಾನು ಸ್ಟೇಷನ್ ಎಣಿಸುತ್ತಿದ್ದೆ. ದಾದರ್ ಹೋಯಿತು. ಸಾಯನ್ ಹೋಯಿತು. ಕುರ್ಲಾ ಬಂತು. ನಾನು ಇಳಿಯಲು ಎದ್ದೆ. ಡಾಕ್ಟರ್ ತಮ್ಮ ಕೈಯ ವಾಚು ಬಿಚ್ಚಿ ನನ್ನ ಕೈಗಿಟ್ಟರು. "ನಾಳೆಯಿಂದ ಬಾಟಲಿ ಜೊತೆ ಇದನ್ನೂ ತಗೊಂಡು ಹೋಗು. ಬಯಲಿನಲ್ಲಿ ಲೋಕಲ್ ಸದ್ದು ಕೇಳೋದಿಲ್ಲ."

ಅಷ್ಟೇ. ಗಾಡಿ ಹೊರಟಿತು.

ಕಾನೂನು ಒಂದು ವರ್ಷ ಮುಂದಕ್ಕೆ ಹೋಯಿತು. ಆ ಒಂದು ವರ್ಷದಲ್ಲಿ ಏನಾಯಿತು? ತೊಂಬತ್ತರ ಜುಲೈಯಲ್ಲಿ ಅದೇ ಗುಡ್ಡದ ಮಣ್ಣು ಜಾರಿತು. ಇಪ್ಪತ್ತೆರಡು ಗುಡಿಸಲುಗಳೊಳಗೆ ನುಗ್ಗಿತು. ಮಲ್ಲಕ್ಕನ ಗೋಡೆ ಬಿತ್ತು, ಕೈ ಮುರಿಯಿತು. ಆ ಕೈ ಇವತ್ತಿಗೂ ಪೂರ್ತಿ ಮೇಲೆ ಏಳುವುದಿಲ್ಲ. ಹಿಂದಿನ ವರ್ಷವೇ ಕಾನೂನು ಬಂದಿದ್ದರೆ ಆ ಮಣ್ಣಿಗೆ ಒಂದು ಒಡ್ಡು ಇರುತ್ತಿತ್ತೇನೋ. ಮಲ್ಲಕ್ಕ, ಆಸ್ಪತ್ರೆಯಲ್ಲಿ ನಿನಗೆ ಗಂಜಿ ಕುಡಿಸಿದೆ, ಇದನ್ನು ಹೇಳಲಿಲ್ಲ. — ಏನು? — ಇಲ್ಲ ಮಲ್ಲಕ್ಕ, 'ಹೋಗ್ಲಿ ಬಿಡವ್ವಾ' ಅನ್ನಬೇಡ. ಬೈಯುವುದಿದ್ದರೆ ಹೊರಗೆ ಬಂದು ಬೈ, ನಿಂತು ಕೇಳುತ್ತೇನೆ. ಈಗ ಮುಗಿಸಲು ಬಿಡು.

ಆ ಮಣ್ಣು ಜಾರಿದ ಮಾರನೇ ದಿನ ಡಾಕ್ಟರ್ ಅಲ್ಲಿ ಮಲ್ಲಕ್ಕನ ಗುಡಿಸಲಿದ್ದ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಆಸ್ಪತ್ರೆಯಿಂದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಮಲ್ಲಕ್ಕನನ್ನು ಕೇಳಿದರು, "ನಿಮ್ಮೂರಿನಲ್ಲಿ ಮಳೆಗೆ ಹೊಲದ ಮಣ್ಣು ಹೋಗದ ಹಾಗೆ ಏನು ಮಾಡ್ತೀರಿ?"

"ಒಡ್ಡ ಹಾಕ್ತೀವ್ರಿ. ಇಲ್ಲಿ ಕಲ್ಲು ಎಲ್ಲಿ ಸಿಗ್ತಾವ? ಹಳೇ ಗ್ವಾಣಿಚೀಲದಾಗ ಉಸುಕ ತುಂಬಿ ಇಟ್ರ ಆತು. ನೀರ ಸೋಸಿ ಹೋಗ್ತದ, ಮಣ್ಣ ಇಲ್ಲೇ ನಿಲ್ತದ. ಇಷ್ಟಕ್ಕ ನೀವು ಯಾಕ್ ಇಷ್ಟ್ ಓದೀರಿ, ಅಕ್ಕಾರ?"

ಡಾಕ್ಟರ್ ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಕಾನೂನಿನ ಮೊದಲ ಸಾಲು ಅದೇ.

ಆ ವರ್ಷದ ಮಳೆಗಾಲ ಪೂರ್ತಿ ನಾನು ಒಂದು ನಿಮಿಷ ತಪ್ಪಿಸಲಿಲ್ಲ. ಪಕ್ಕದಲ್ಲಿ ಯಾವ ಶೂಟಿಂಗ್ ನಡೆಯಿತೋ ನನಗೆ ಗೊತ್ತಿಲ್ಲ. ತೊಂಬತ್ತೊಂದರ ಫೆಬ್ರವರಿಯಲ್ಲಿ ಸಮಿತಿ ಮತ್ತೆ ಕೂತಿತು. ಅದೇ ಕೋಣೆ, ಅದೇ ಗೋಡೆ, ಅದೇ ನಾನು. ಅಧ್ಯಕ್ಷರು ನಗುತ್ತಾ ಕೇಳಿದರು, "ಏನು ಡಾಕ್ಟರ್, ಈ ಸಲ ಬಾಟಲಿಗಳೆಲ್ಲ ಸರಿ ಇವೆಯಾ?" ಕೋಣೆಯೆಲ್ಲ ನಗು.

ಡಾಕ್ಟರ್ ಕೈ ಚಾಚಿದರು. ನನ್ನ ಕೈಯಿಂದ ಒಂದು ಬಾಟಲಿ ತೆಗೆದುಕೊಂಡರು. ಚೆನ್ನಾಗಿ ಕುಲುಕಿದರು — ಹೀಗೆ. ಒಂದು ಉದ್ದ ಗಾಜಿನ ಜಾರಿಗೆ ಸುರಿದು ಮೇಜಿನ ನಡುವೆ ಇಟ್ಟರು. "ದಯವಿಟ್ಟು ಇಪ್ಪತ್ತು ನಿಮಿಷ ಯಾರೂ ಮೇಜು ಮುಟ್ಟಬೇಡಿ" ಅಂದು ಕೂತುಬಿಟ್ಟರು.

ಹದಿನಾಲ್ಕು ಜನ ದೊಡ್ಡ ದೊಡ್ಡ ಸಾಹೇಬರು. ಮೊಣಕೈ ಮೇಜಿನಿಂದ ಎತ್ತಿ ಎದೆಗೆ ಕಟ್ಟಿಕೊಂಡು ಕೂತರು. ಮೊದಲು ಒಬ್ಬರು ಕೆಮ್ಮಿದರು. ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಆಮೇಲೆ ಎಲ್ಲರೂ ಜಾರನ್ನೇ ನೋಡತೊಡಗಿದರು. ಮರಳು ಮೊದಲು ಬಿತ್ತು. ಆಮೇಲೆ ಮಣ್ಣು, ಮೆಲ್ಲಗೆ, ಹೊಗೆ ಇಳಿದ ಹಾಗೆ. ಕೂತಲ್ಲಿ ಕೂರಲಾಗದ ನಾನು ಕೂಡ ಉಸಿರು ಹಿಡಿದು ನಿಂತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಂತದ್ದು ಅದೊಂದೇ ಸಲ. ಇಪ್ಪತ್ತು ನಿಮಿಷಕ್ಕೆ ತಳದಲ್ಲಿ ಒಂದೂವರೆ ಬೆರಳು ಗಾಳ.

ಡಾಕ್ಟರ್ ಎದ್ದರು. "ಇದು ಒಂದು ಲೀಟರ್. ಹೋದ ಮಳೆಗಾಲದ ದೊಡ್ಡ ಮಳೆಯ ದಿನ ಹನ್ನೆರಡೂವರೆಗೆ ಆ ಗುಡ್ಡದ ಚರಂಡಿಯಲ್ಲಿ ಒಂದೊಂದು ಸೆಕೆಂಡಿಗೆ ಇಂಥ ನಾನೂರು ಜಾರು ಹೋದವು. ಗಂಟೆ ಬರೆದವಳು ಅಲ್ಲಿ ನಿಂತಿದ್ದಾಳೆ. ಅವಳ ಕೈಯಲ್ಲಿ ವಾಚಿದೆ. ಬೇಕಾದರೆ ಕೇಳಿ."

ಆವತ್ತು ತಿರುಗಿ ಗೋಡೆಯ ಕಡೆ ನೋಡಿದರು.

ಯಾರೂ ಏನೂ ಕೇಳಲಿಲ್ಲ. ಕಾನೂನು ಆಯಿತು. ನಾಲ್ಕೇ ಸಾಲು. ಮಣ್ಣಿನ ರಾಶಿಗೆ ಚೀಲದ ಒಡ್ಡು. ನೀರು ಹೊರಗೆ ಹೋಗುವ ಮುಂಚೆ ನಿಂತು ತಿಳಿಯಾಗಲು ಒಂದು ಗುಂಡಿ. ಲಾರಿಯ ಗಾಲಿ ತೊಳೆದೇ ರಸ್ತೆಗೆ. ಮಳೆಗಾಲದಲ್ಲಿ ಗುಡ್ಡ ಕಡಿಯುವಂತಿಲ್ಲ. ಸದ್ಯ ಒಂದು ಉಪನಗರದಲ್ಲಿ ಮಾತ್ರ, ಅದೂ ಪರೀಕ್ಷೆಗೆ. ಒಂಬತ್ತು ವರ್ಷ, ನಾಲ್ಕು ಸಾಲು. ಕಡಿಮೆ ಅನ್ನಿಸಿದರೆ ಹೋದ ಮಳೆಗಾಲದಲ್ಲಿ ಆ ಗುಡ್ಡದ ಬುಡದಲ್ಲಿ ಹೊಸ್ತಿಲು ಒಣಗಿದ್ದವರನ್ನು ಕೇಳಿ. ಮಲ್ಲಕ್ಕನನ್ನೇ ಕೇಳಿ.

ಒಮ್ಮೆ ಹೇಳಲು ಹೋಗಿದ್ದೆ. ಹೋದ ವರ್ಷ, ದೀಪಾವಳಿಯ ಹೊತ್ತಿಗೆ. "ಡಾಕ್ಟರ್, ಆ ಆರನೇ ಬಾಟಲಿ —" ಅಂದೆ. ಕನ್ನಡಕದ ಮೇಲಿಂದ ನೋಡಿದರು. "ಯಾವ ಆರನೇ ಬಾಟಲಿ? ಅದು ವರದಿಯಲ್ಲಿಲ್ಲ. ವರದಿಯಲ್ಲಿಲ್ಲದ್ದರ ಬಗ್ಗೆ ನಾನು ಮಾತಾಡೋದಿಲ್ಲ. ಚಹಾ ಕುಡಿ." ನಾನು ಚಹಾ ಕುಡಿದೆ. ಅವರು ಬಿಟ್ಟರು ಅಂತ ನಾನೂ ಬಿಟ್ಟೆ. ಬಿಡಬಾರದಿತ್ತು. ಹದಿಮೂರು ದಿನದ ಹಿಂದೆ ಅವರ ಎದೆಬಡಿತ ನಿಂತಿತು. ಇವತ್ತು ಇಷ್ಟು ಜನರ ಮುಂದೆ ಅವರ ಹೆಸರಿನ ಜೊತೆ ಆ ಬಾಟಲಿಯನ್ನು ಕಟ್ಟಿದರು. ನನ್ನಿಂದ ತಡೆಯಲಾಗಲಿಲ್ಲ. ನಂಜುಂಡಯ್ಯ ಸರ್, ದಯವಿಟ್ಟು ನೀವು ಅಚ್ಚು ಹಾಕಿಸುತ್ತೀರಲ್ಲ, ಆ ಸ್ಮರಣೆಯ ಪುಸ್ತಕದಲ್ಲಿ ಆ ಸಾಲು ತೆಗೆದುಬಿಡಿ. ನನ್ನ ಹೆಸರು ಹಾಕಿ ಬರೆಯಿರಿ. ಕಂಡದ್ದನ್ನು ಕಂಡ ಹಾಗೆ.

ಘಾಟಿನ ಕೆಳಗೆ ಒಂದು ಊರಿನವರು ಡಾಕ್ಟರಿಗೆ ಕಾಗದ ಬರೆದಿದ್ದರು. ಅಲ್ಲಿ ರಸ್ತೆಗೆ ಗುಡ್ಡ ಕಡಿಯುತ್ತಿದ್ದಾರೆ, ಮಳೆಗೆ ಮುಂಚೆ ಬಂದು ಬಾಟಲಿ ಇಡಬೇಕು ಅಂತ. ಡಾಕ್ಟರ್ ಹೋಗುವವರಿದ್ದರು. ನಾನು ಬರುತ್ತೇನೆ ಅಂತ ಬರೆದೆ. ಅದೇ ಕಾಗದದಲ್ಲಿ ಆರನೇ ಬಾಟಲಿಯ ವಿಷಯವನ್ನೂ ಬರೆದೆ. ಉತ್ತರ ಇನ್ನೂ ಬಂದಿಲ್ಲ.

ಅಮ್ಮಣ್ಣಿಯಮ್ಮ, ಇದು ನಿಮ್ಮ ತಂಗಿಯ ವಾಚು. ಇಲ್ಲಿ ಮೇಜಿನ ಮೇಲೆ ಇಡುತ್ತಿದ್ದೇನೆ. ಇದು ನಿಮ್ಮ ಮನೆಗೆ ಸೇರಿದ್ದು. ನೀವು ಇಟ್ಟುಕೊಂಡರೆ ಸರಿ. ಕೊಟ್ಟರೆ ಮಾತ್ರ ನಾನು ಕಟ್ಟಿಕೊಳ್ಳುತ್ತೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಸಭೆಗಳಲ್ಲಿ ಎರಡು ನಿಮಿಷ ಅನ್ನುತ್ತಾರೆ, ಅರ್ಧ ನಿಮಿಷಕ್ಕೇ ಕೂರುತ್ತಾರೆ. ಇವತ್ತು ಹಾಗೆ ಬೇಡ. ವಾಚು ನೋಡಿಕೊಂಡು ನಾನೇ ಹೇಳುತ್ತೇನೆ. ಪೂರ್ತಿ ನಿಲ್ಲಿ, ಮೇಜು ಮುಟ್ಟದವರ ಹಾಗೆ ನಿಲ್ಲಿ. ಆದಮೇಲೆ ನಾನು ಮತ್ತೆ ಮಾತಾಡುವುದಿಲ್ಲ, ಬಾಟಲಿಗಳನ್ನು ತೊಳೆದು ಕಟ್ಟುವುದು ಬಾಕಿ ಇದೆ. ನಾಳೆ ಬೆಳಿಗ್ಗೆ ಆರು ಹತ್ತರ ಎಸ್.ಟಿ. ಬಸ್ಸಿಗೆ ನಾನು ಆ ಘಾಟಿನ ಊರಿಗೆ ಹೊರಡುತ್ತೇನೆ.